ಓದುಗರ ಸ್ಪಂದನ: ಮಗಳು ಕ್ಯಾಲಿಫೋರ್ನಿಯಾ ಹೈಸ್ಕೂಲಿಗೆ, ವಿಷಯಗಳ ಆಯ್ಕೆ ಹೇಗೆ?

ಕಳೆದ ಸಂಚಿಕೆಯ ಸಮಸ್ಯೆ: ಮೈಸೂರಿನಲ್ಲಿ ರಾಜ್ಯ ಪಠ್ಯಕ್ರಮದ 9ನೇ ತರಗತಿ ಮುಗಿಸಿದ ಮಗಳು ಆಗಸ್ಟ್‌ನಲ್ಲಿ ಬೇ ಏರಿಯಾದ ಸರ್ಕಾರಿ ಹೈಸ್ಕೂಲಿಗೆ 10ನೇ ತರಗತಿಗೆ ಸೇರುತ್ತಾಳೆ. 7ನೇ ತರಗತಿವರೆಗೆ ಓದಿದ್ದು ಕನ್ನಡ ಮಾಧ್ಯಮ, ಆಮೇಲೆ ಇಂಗ್ಲಿಷ್. ಹೈಸ್ಕೂಲ್ ಡಿಪ್ಲೊಮಾಕ್ಕೆ ಬೇಕಾದ ವಿಷಯಗಳ ಪಟ್ಟಿಯನ್ನು ಶಾಲೆಯವರು ಕಳಿಸಿದ್ದಾರೆ. ಅದರಂತೆ ನಡೆದರೆ ಎಂಜಿನಿಯರಿಂಗ್ ಸೀಟಿಗೆ ಸಾಕೇ, ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಎಷ್ಟು ತೆಗೆದುಕೊಳ್ಳಬೇಕು ಎಂಬುದು ತಾಯಿಯ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಸಾಲದು. ಶಾಲೆ ಕಳಿಸಿದ್ದು ಶಾಲೆ ಬಿಟ್ಟು ಹೊರಡಲು ಬೇಕಾದ ಪಟ್ಟಿ; ಕಾಲೇಜಿನ ಬಾಗಿಲಲ್ಲಿ ಕೇಳುವ ಪಟ್ಟಿ ಬೇರೆ. ಡಿಪ್ಲೊಮಾಕ್ಕೆ ರಾಜ್ಯದ ಕಾನೂನು ಕೇಳುವ ಕನಿಷ್ಠ ಇಷ್ಟು: ಇಂಗ್ಲಿಷ್ 3 ವರ್ಷ, ಗಣಿತ 2, ವಿಜ್ಞಾನ 2, ಸಮಾಜ ವಿಜ್ಞಾನ 3, ವ್ಯಾಯಾಮ ಅಂದರೆ ಪಿಇ 2, ಜೊತೆಗೆ ಕಲೆ, ಭಾಷೆ ಅಥವಾ ವೃತ್ತಿ ಶಿಕ್ಷಣದಲ್ಲಿ ಒಂದು ವರ್ಷ. ಇದರ ಮೇಲೆ ಪ್ರತಿ ಡಿಸ್ಟ್ರಿಕ್ಟ್ (ಆಯಾ ಪ್ರದೇಶದ ಶಾಲೆಗಳ ಆಡಳಿತ ಮಂಡಳಿ) ತನ್ನದನ್ನೂ ಸೇರಿಸುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಮತ್ತು ಕ್ಯಾಲ್ ಸ್ಟೇಟ್ (ಸಿಎಸ್‌ಯು) ನೋಡುವುದು 'ಎ-ಜಿ' ಎಂಬ 15 ವಾರ್ಷಿಕ ಕೋರ್ಸ್‌ಗಳನ್ನು. ಎ: ಇತಿಹಾಸ 2. ಬಿ: ಇಂಗ್ಲಿಷ್ 4. ಸಿ: ಗಣಿತ 3, 4 ಇದ್ದರೆ ಒಳ್ಳೆಯದು. ಡಿ: ವಿಜ್ಞಾನ 2, ಇಲ್ಲೂ 3 ಇರಲಿ. ಇ: ಇಂಗ್ಲಿಷ್ ಅಲ್ಲದ ಒಂದೇ ಭಾಷೆ 2. ಎಫ್: ಕಲೆ 1. ಜಿ: ಇವುಗಳಲ್ಲೇ ಹೆಚ್ಚುವರಿಯಾಗಿ ಓದಿದ್ದು ಅಥವಾ ಬೇರೆ ಎಲೆಕ್ಟಿವ್ 1.

ಎರಡು ಪಟ್ಟಿಗಳ ನಡುವೆ ಮಕ್ಕಳು ಬೀಳುವ ಹಳ್ಳ 'ಡಿ' ಗ್ರೇಡ್. ಡಿ ಬಂದರೂ ಶಾಲೆ ಸೆಮಿಸ್ಟರ್‌ನ 5 ಕ್ರೆಡಿಟ್ ಕೊಡುತ್ತದೆ, ಅಪ್ಪ ಅಮ್ಮ ಪಾಸಾಯಿತೆಂದು ಸುಮ್ಮನಾಗುತ್ತಾರೆ. ಎ-ಜಿ ಲೆಕ್ಕಕ್ಕೆ 'ಸಿ' ಗ್ರೇಡಿಗಿಂತ ಕೆಳಗಿನದು ಬರುವುದಿಲ್ಲ. ಡಿ, ಎಫ್ ಬಂದದ್ದನ್ನು ಮತ್ತೆ ಓದಬಹುದು. ಸಿ ಬಂದದ್ದನ್ನು ಬಿ ಮಾಡಿಕೊಳ್ಳಲು ಮತ್ತೆ ಓದಿದರೆ ಯುಸಿ ಪರಿಗಣಿಸುವುದಿಲ್ಲ. ಮತ್ತೆ ಓದುವಾಗಲೂ ಎಚ್ಚರ ಬೇಕು. ಶಾಲೆಯವರು ಕೊಡುವ ಆನ್‌ಲೈನ್ 'ಕ್ರೆಡಿಟ್ ರಿಕವರಿ' ಕೋರ್ಸ್ ಡಿಪ್ಲೊಮಾಕ್ಕೆ ನಡೆದೀತು, ಎ-ಜಿ ಮಾನ್ಯತೆ ಇಲ್ಲದಿದ್ದರೆ ಕಾಲೇಜಿಗೆ ನಡೆಯದು.

ಕೋರ್ಸ್ ಆರಿಸುವ ಮುನ್ನ ಯುಸಿಯ 'ಎ-ಜಿ ಕೋರ್ಸ್ ಲಿಸ್ಟ್' ಜಾಲತಾಣದಲ್ಲಿ ಶಾಲೆಯ ಹೆಸರು ಹಾಕಿ ಆ ವರ್ಷದ ಪಟ್ಟಿ ನೋಡಿ. ಶಾಲೆಯ ಕೈಪಿಡಿಯಲ್ಲಿರುವ ಹೆಸರೂ ಅಲ್ಲಿನ ಹೆಸರೂ ಹೊಂದಬೇಕು. 15ರಲ್ಲಿ 11 ಕೋರ್ಸ್ 12ನೇ ತರಗತಿ ಶುರುವಾಗುವ ಮೊದಲೇ ಮುಗಿದಿರಬೇಕೆಂಬ ನಿಯಮ ಬಹಳ ಜನರ ಗಮನಕ್ಕೇ ಬರುವುದಿಲ್ಲ. ನಿಮ್ಮ ಮಗಳಿಗೆ ಹೀಗೆ ಹಾಕಿಕೊಳ್ಳಬಹುದು. 10ರಲ್ಲಿ ಇಂಗ್ಲಿಷ್, ಗಣಿತ, ಜೀವವಿಜ್ಞಾನ ಅಥವಾ ರಸಾಯನಶಾಸ್ತ್ರ, ವಿಶ್ವ ಇತಿಹಾಸ, ಕಲೆ, ಪಿಇ. 11ರಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನ, ಅಮೆರಿಕದ ಇತಿಹಾಸ, ಮತ್ತೆ ಪಿಇ. 12ರಲ್ಲಿ ಇಂಗ್ಲಿಷ್, ಗಣಿತ, ಭೌತಶಾಸ್ತ್ರ, ಅರ್ಧ ವರ್ಷ ಸರ್ಕಾರ, ಅರ್ಧ ವರ್ಷ ಅರ್ಥಶಾಸ್ತ್ರ. ಇತಿಹಾಸದಲ್ಲಿ ಅವಳು ಹಿಂದೆ ಬಿದ್ದಿಲ್ಲ, ಇಲ್ಲಿನ ಎಷ್ಟೋ ಶಾಲೆಗಳಲ್ಲಿ ವಿಶ್ವ ಇತಿಹಾಸ ಶುರುವಾಗುವುದೇ 10ರಲ್ಲಿ. ತೊಡಕಾಗುವುದು ಪಿಇ: ಮಿಕ್ಕವರು 9 ಮತ್ತು 10ರಲ್ಲಿ ಮುಗಿಸಿಕೊಂಡಿರುತ್ತಾರೆ, ಇವಳಿಗೆ 11ರ ಒಂದು ಪೀರಿಯಡ್ ಅದಕ್ಕೇ ಹೋಗುತ್ತದೆ. 9ನೇ ತರಗತಿಯ ಅಂಕಪಟ್ಟಿಯಲ್ಲಿ ದೈಹಿಕ ಶಿಕ್ಷಣದ ಗ್ರೇಡ್ ಇದ್ದರೆ, ವಾರಕ್ಕೆ ಎಷ್ಟು ಪೀರಿಯಡ್ ಇತ್ತೆಂದು ಮುಖ್ಯೋಪಾಧ್ಯಾಯರಿಂದ ಒಂದು ಪತ್ರ ಬರೆಸಿ ತನ್ನಿ. ಅದನ್ನು ಒಪ್ಪುವುದು ಬಿಡುವುದು ಡಿಸ್ಟ್ರಿಕ್ಟ್‌ಗೆ ಬಿಟ್ಟದ್ದು. ಆದರೆ ಪತ್ರ ಕೈಯಲ್ಲಿಲ್ಲದಿದ್ದರೆ ಕೇಳುವುದಕ್ಕೂ ದಾರಿಯಿಲ್ಲ.

- ಹೈಸ್ಕೂಲ್ ಕೌನ್ಸೆಲರ್, ಸ್ಯಾಕ್ರಮೆಂಟೊ

*

ಗಣಿತದ ಬಗ್ಗೆ ಮಾತ್ರ ಬರೆಯುತ್ತೇನೆ, ಎಂಜಿನಿಯರಿಂಗ್ ಆಸೆ ಇರುವವರು ಎಡವುವುದು ಅಲ್ಲೇ.

ಇಲ್ಲಿ ಆಲ್ಜೀಬ್ರಾ 1, ಜ್ಯಾಮಿತಿ, ಆಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಕ್ಯಾಲ್ಕುಲಸ್ ಎಂದು ಒಂದೊಂದಕ್ಕೆ ಒಂದೊಂದು ವರ್ಷ. ಕೆಲವು ಡಿಸ್ಟ್ರಿಕ್ಟ್‌ಗಳಲ್ಲಿ ಮೊದಲ ಮೂರನ್ನು ಕಲಸಿ ಮ್ಯಾಥ್ 1, 2, 3 ಎನ್ನುತ್ತಾರೆ. ನಮ್ಮ 9ನೇ ತರಗತಿಯ ಪುಸ್ತಕದಲ್ಲಿ ಬಹುಪದೋಕ್ತಿ, ಎರಡು ಚರಾಕ್ಷರಗಳ ಸಮೀಕರಣ, ತ್ರಿಭುಜ, ಚತುರ್ಭುಜ, ವೃತ್ತ ಇವೆ. ವರ್ಗ ಸಮೀಕರಣ, ಸಮರೂಪ ತ್ರಿಭುಜ, ತ್ರಿಕೋನಮಿತಿ 10ಕ್ಕೆ ಬರುತ್ತವೆ. ಅಂದರೆ ನಿಮ್ಮ ಮಗಳು ಆಲ್ಜೀಬ್ರಾ 1ರ ಬಹುಪಾಲನ್ನೂ ಜ್ಯಾಮಿತಿಯ ಅರ್ಧವನ್ನೂ ಓದಿದ್ದಾಳೆ, ಎರಡೂ ಪೂರ್ತಿಯಲ್ಲ.

ಪ್ಲೇಸ್‌ಮೆಂಟ್ (ಯಾವ ಹಂತಕ್ಕೆ ಸೇರಿಸಬೇಕೆಂದು ನೋಡುವ) ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರೆ ನೇರ ಆಲ್ಜೀಬ್ರಾ 2ಕ್ಕೆ ಹಾಕಬಹುದು. ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ: ಶಾಲೆಯ ಅಂಕದಾಖಲೆಯಾದ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಜ್ಯಾಮಿತಿ ಎಲ್ಲಿ ಕಾಣುತ್ತದೆ? ಆಲ್ಜೀಬ್ರಾ 2ರಲ್ಲಿ ಸಿ ಬಂದರೆ ಆಲ್ಜೀಬ್ರಾ 1 ಆದಂತೆ ಎಂದು ಯುಸಿ ಒಪ್ಪುತ್ತದೆ. ಓದದೇ ಬಿಟ್ಟ ಜ್ಯಾಮಿತಿಗೆ ಈ ರಿಯಾಯಿತಿ ಇಲ್ಲ. ಊರಿನ 9ನೇ ತರಗತಿಯ ಗಣಿತವನ್ನು ಏನೆಂದು ದಾಖಲಿಸಿದ್ದಾರೆ ಎಂಬುದನ್ನು ಕೌನ್ಸೆಲರ್‌ರಿಂದ ಬರಹದಲ್ಲೇ ಪಡೆಯಿರಿ.

10ರಲ್ಲಿ ಜ್ಯಾಮಿತಿಯಿಂದ ಶುರುವಾದರೆ 12ರಲ್ಲಿ ಪ್ರಿಕ್ಯಾಲ್ಕುಲಸ್‌ಗೆ ನಿಲ್ಲುತ್ತದೆ. ಅರ್ಜಿಗೆ ಅಡ್ಡಿಯಿಲ್ಲ. ಆದರೆ ಎಂಜಿನಿಯರಿಂಗ್‌ಗೆ ಪೈಪೋಟಿ ಕೊಡುವವರಲ್ಲಿ ಬಹಳ ಮಂದಿಯ ಹತ್ತಿರ ಕ್ಯಾಲ್ಕುಲಸ್ ಇರುತ್ತದೆ. ಅಲ್ಲಿಗೆ ತಲುಪಲು 10ರಲ್ಲಿ ಜ್ಯಾಮಿತಿ, ಆಲ್ಜೀಬ್ರಾ 2 ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬೇಕು, ಇಲ್ಲವೇ ಒಂದನ್ನು ಬೇಸಿಗೆಯಲ್ಲಿ ಮುಗಿಸಬೇಕು. ನಾನು ಮೊದಲನೆಯದನ್ನೇ ಹೇಳುತ್ತೇನೆ. ಬೇಸಿಗೆಯ ಐದಾರು ವಾರದಲ್ಲಿ ಒಂದಿಡೀ ವರ್ಷದ ಜ್ಯಾಮಿತಿ ತಲೆಗೆ ಹೋಗಬೇಕೆಂದರೆ ದಿನವೂ ಒಂದು ವಾರದ ಪಾಠ. ಹೊಸ ದೇಶಕ್ಕೆ ಬಂದ ಹುಡುಗಿಗೆ ಅದು ಬೇಡ. ಜುಲೈನಲ್ಲಿ ಮನೆಯಲ್ಲಿ ಕೂತು ಅಪವರ್ತನ, ವರ್ಗ ಸಮೀಕರಣ, ಫಂಕ್ಷನ್ ಎಂಬ ಪರಿಕಲ್ಪನೆ ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಆಲ್ಜೀಬ್ರಾ 2 ಕಷ್ಟವಾಗದು. ಇನ್ನು, ಆಲ್ಜೀಬ್ರಾ 2ರ ಬದಲು ಡೇಟಾ ಸೈನ್ಸ್ ತೆಗೆದುಕೋ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಅದು ಆಲ್ಜೀಬ್ರಾ 2ರ ಜಾಗ ತುಂಬುವುದಿಲ್ಲವೆಂದು ಯುಸಿಯ ಪ್ರಾಧ್ಯಾಪಕರ ಸಮಿತಿ 2023ರಲ್ಲೇ ಹೇಳಿದೆ.

- ಗಣಿತ ಶಿಕ್ಷಕಿ, ಸ್ಯಾನ್ ಹೋಸೆ

*

ಮೇಡಂ, ನಿಮ್ಮ ಮಗಳ ಕನ್ನಡ ಮಾಧ್ಯಮ ಇಲ್ಲಿ ಎರಡು ವರ್ಷ ಉಳಿಸಬಲ್ಲದು, ಅದನ್ನು ಊರು ಬಿಡುವ ಮೊದಲೇ ಕಾಗದಕ್ಕಿಳಿಸಿ. 6ನೇ ತರಗತಿ ಅಥವಾ ಅದರ ಮೇಲಿನ ಮಟ್ಟದಲ್ಲಿ ಎರಡು ವರ್ಷ ಇಂಗ್ಲಿಷ್ ಅಲ್ಲದ ಮಾಧ್ಯಮದಲ್ಲಿ ಓದಿದವರಿಗೆ 'ಇ' ವಿಭಾಗ ತುಂಬಿದಂತೆ ಎಂದು ಯುಸಿ ಪರಿಗಣಿಸುತ್ತದೆ. ಅವಳ 6 ಮತ್ತು 7 ಸರಿಯಾಗಿ ಅಷ್ಟೇ ಆಗುತ್ತದೆ. ಕನ್ನಡ ಮಾಧ್ಯಮ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರ ಸಹಿ, ಬಿಇಒ ಮೇಲುಸಹಿ ಸಮೇತ ಮಾಡಿಸಿ. ಜೊತೆಗೆ 6ರಿಂದ 9ರವರೆಗಿನ ಅಂಕಪಟ್ಟಿ, ಟಿಸಿ, ಇಂಗ್ಲಿಷ್ ಅನುವಾದ, ಎಷ್ಟು ಅಂಕಕ್ಕೆ ಯಾವ ಶ್ರೇಣಿ ಎಂಬ ವಿವರ, 9ನೇ ತರಗತಿಯ ಗಣಿತ ಮತ್ತು ವಿಜ್ಞಾನ ಪುಸ್ತಕಗಳ ಪರಿವಿಡಿ ಪುಟದ ನಕಲು ಇರಲಿ. ಅಂಕಗಳನ್ನು ನೀವೇ ಎ, ಬಿ ಎಂದು ಪರಿವರ್ತಿಸಬೇಡಿ, ಇದ್ದದ್ದು ಇದ್ದಂತೆ ಕೊಡಿ. ಡಿಸ್ಟ್ರಿಕ್ಟ್ ಭಾಷೆಯನ್ನು ಡಿಪ್ಲೊಮಾಕ್ಕೆ ಪ್ರತ್ಯೇಕವಾಗಿ ಕೇಳುತ್ತದೆಯೇ ಎಂದೂ ವಿಚಾರಿಸಿ. ಯುಸಿ ಒಪ್ಪಿದ್ದನ್ನು ಶಾಲೆ ಒಪ್ಪಲೇಬೇಕೆಂದಿಲ್ಲ. ಒಪ್ಪದಿದ್ದರೆ 10ರಲ್ಲೇ ಸ್ಪ್ಯಾನಿಷ್ ಶುರುಮಾಡಿ.

ಇನ್ನೊಂದು ಭಾಷೆಯ ಸಂಗತಿ. ದಾಖಲಾತಿ ವೇಳೆ ಮನೆಮಾತು ಯಾವುದೆಂದು ಒಂದು ಫಾರಂ ಕೇಳುತ್ತದೆ. ಕನ್ನಡ ಎಂದು ಬರೆದರೆ 30 ದಿನದೊಳಗೆ ಮಗುವಿಗೆ 'ಎಲ್ಪ್ಯಾಕ್' ಎಂಬ ಇಂಗ್ಲಿಷ್ ಪರೀಕ್ಷೆ ಮಾಡುತ್ತಾರೆ. ಅದಕ್ಕೆ ಹೆದರಿ ಇಂಗ್ಲಿಷ್ ಎಂದು ಸುಳ್ಳು ಬರೆಯುವವರಿದ್ದಾರೆ, ಬೇಡ. ಆದರೆ ಪರೀಕ್ಷೆಯನ್ನು ಹಗುರವಾಗಿಯೂ ತೆಗೆದುಕೊಳ್ಳಬೇಡಿ: ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ನಾಲ್ಕೂ ಇರುತ್ತವೆ. ನಮ್ಮ ಮಕ್ಕಳು ಬರವಣಿಗೆಯಲ್ಲಿ ಗೆದ್ದು, ಸಂಕೋಚಪಟ್ಟು ಒಂದೊಂದೇ ಪದದ ಉತ್ತರ ಕೊಟ್ಟು ಮಾತಿನಲ್ಲಿ ಅಂಕ ಕಳೆದುಕೊಳ್ಳುತ್ತಾರೆ. ಪೂರ್ತಿ ವಾಕ್ಯದಲ್ಲಿ ಉತ್ತರಿಸಲು ಅಭ್ಯಾಸ ಮಾಡಿಸಿ. 'ಇಂಗ್ಲಿಷ್ ಕಲಿಯುವವಳು' ಎಂದು ವರ್ಗವಾದರೆ ಇಎಲ್‌ಡಿ (ಇಂಗ್ಲಿಷ್ ಕಲಿಸುವ) ತರಗತಿಗೆ ಒಂದು ಪೀರಿಯಡ್ ಹೋಗಬಹುದು, ಅಂಥ ತರಗತಿಯಲ್ಲಿ ಹೆಚ್ಚೆಂದರೆ ಒಂದು ವರ್ಷ ಮಾತ್ರ 'ಬಿ' ವಿಭಾಗದ ಲೆಕ್ಕಕ್ಕೆ ಬರುತ್ತದೆ.

- ಕನ್ನಡ ಕಲಿಸುವ ಸ್ವಯಂಸೇವಕ, ಸನಿವೇಲ್

*

ಎಪಿ ಎಷ್ಟು? ಲೆಕ್ಕ ಹಾಕಿ ನೋಡೋಣ. ಯುಸಿ ಜಿಪಿಎಗೆ (ಗ್ರೇಡ್‌ಗಳ ಸರಾಸರಿ; ಎ ಅಂದರೆ 4, ಬಿ ಅಂದರೆ 3 ಅಂಕ) ಹಿಡಿಯುವುದು 9 ಮುಗಿದ ಬೇಸಿಗೆಯಿಂದ 11 ಮುಗಿದ ಬೇಸಿಗೆಯವರೆಗಿನ ಎ-ಜಿ ಗ್ರೇಡ್‌ಗಳನ್ನು ಮಾತ್ರ. ಎ ಪ್ಲಸ್, ಎ ಮೈನಸ್ ಎಂಬ ಭೇದವಿಲ್ಲ. ಎಪಿಗೂ ಯುಸಿ ಮಾನ್ಯ ಮಾಡಿದ (ಹೆಚ್ಚು ಕಠಿಣ ಮಟ್ಟದ) ಆನರ್ಸ್‌ಗೂ ಸೆಮಿಸ್ಟರ್‌ಗೆ ಒಂದು ಹೆಚ್ಚುವರಿ ಅಂಕ, ಆದರೆ ಒಟ್ಟು 8 ಸೆಮಿಸ್ಟರ್‌ಗೆ ಸೀಮಿತ, ಅದರಲ್ಲೂ 10ನೇ ತರಗತಿಯದು 4ಕ್ಕಿಂತ ಹೆಚ್ಚಿಲ್ಲ. ಎರಡು ವರ್ಷದಲ್ಲಿ 24 ಸೆಮಿಸ್ಟರ್ ಗ್ರೇಡ್, 18 ಎ, 6 ಬಿ ಎಂದಿಟ್ಟುಕೊಳ್ಳಿ: 72 ಮತ್ತು 18 ಸೇರಿ 90, ಭಾಗಿಸಿದರೆ 3.75. 8 ಸೇರಿಸಿದರೆ 98, ಆಗ 4.08. ಒಂಬತ್ತನೆಯ ಎಪಿ ಸೆಮಿಸ್ಟರ್ ಈ ಲೆಕ್ಕಕ್ಕೆ ಏನೂ ಕೂಡಿಸದು, ಅದರಲ್ಲಿ ಬಿ ಬಂದರೆ ಕಳೆಯುವುದಷ್ಟೇ. ಎಷ್ಟು ಕಠಿಣವಾದದ್ದನ್ನು ಓದಿದ್ದಾಳೆ ಎಂದು ನೋಡುವುದು ನಿಜ, ಆದ್ದರಿಂದ ಎಪಿ ಬೇಡವೆನ್ನುವುದಿಲ್ಲ. 10ರಲ್ಲಿ ಒಂದೂ ಬೇಡ ಅಥವಾ ಒಂದು, 11ರಲ್ಲಿ ಎರಡು ಮೂರು, 12ರಲ್ಲಿ ಕ್ಯಾಲ್ಕುಲಸ್ ಮತ್ತು ಭೌತಶಾಸ್ತ್ರ ಇದ್ದರೆ ಗೌರವದ ಪಟ್ಟಿಯೇ. ಊರಿನ 9ನೇ ತರಗತಿ ಅಂಕ ಜಿಪಿಎಗೆ ಬರುವುದಿಲ್ಲ, ಅರ್ಜಿಯಲ್ಲಿ ನಮೂದಿಸಲೇಬೇಕು.

12ರಲ್ಲಿ ಆರಾಮ ಎಂದು ತಿಳಿಯಬೇಡಿ. ಸೀಟು ಸಿಕ್ಕ ಮೇಲೂ ಒಂದು ಡಿ ಬಂದರೆ ಅದನ್ನು ಹಿಂಪಡೆಯುವ ಹಕ್ಕು ಅವರಿಗಿದೆ. ಎಸ್‌ಎಟಿ ಪ್ರವೇಶ ಪರೀಕ್ಷೆಯನ್ನು ಯುಸಿ, ಸಿಎಸ್‌ಯು ಪ್ರವೇಶಕ್ಕೆ ನೋಡುವುದೇ ಇಲ್ಲ. ಎಂಐಟಿ, ಕ್ಯಾಲ್‌ಟೆಕ್‌ನಂಥ ಕಡೆ ಕೇಳುತ್ತಾರೆ.

- ಪ್ರವೇಶ ಅರ್ಜಿಗಳ ಸಲಹೆಗಾರ್ತಿ, ಅರ್ವೈನ್

*

ಮೇಲಿನವರು ಹೇಳದೆ ಬಿಟ್ಟಿರಬಹುದಾದ ಎ-ಜಿಯ 'ಎಫ್' (ಕಲೆ) ವಿಭಾಗದ ಬಗ್ಗೆ ಎರಡು ಮಾತು. ಭರತನಾಟ್ಯ, ವೀಣೆ ಹೊರಗಿನ ಗುರುಗಳಲ್ಲಿ ಎಷ್ಟು ವರ್ಷ ಕಲಿತರೂ, ರಂಗಪ್ರವೇಶವೇ ಆಗಿದ್ದರೂ ಎಫ್ ವಿಭಾಗ ತುಂಬುವುದಿಲ್ಲ. ಅದು ಅರ್ಜಿಯ ಚಟುವಟಿಕೆಗಳ ಭಾಗದಲ್ಲಿ ಬರಲಿ. ಶಾಲೆಯಲ್ಲಿ ಒಂದೇ ಕಲಾಪ್ರಕಾರವನ್ನು ಇಡೀ ವರ್ಷ ಓದಬೇಕು; ಅರ್ಧ ವರ್ಷ ಚಿತ್ರಕಲೆ, ಅರ್ಧ ವರ್ಷ ನಾಟಕ ಆಗದು.

ಪೀರಿಯಡ್ ಸಾಲದೆ ಹೋದರೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಓದಬಹುದು. ಯುಸಿಗೆ ವರ್ಗವಾಗುವಂಥ 3 ಸೆಮಿಸ್ಟರ್ ಯೂನಿಟ್‌ನ ಒಂದು ಕೋರ್ಸ್ ಹೈಸ್ಕೂಲಿನ ಒಂದು ವರ್ಷಕ್ಕೆ ಸಮ, ಕ್ವಾರ್ಟರ್ ಪದ್ಧತಿಯ ಡಿ ಆನ್ಜಾ, ಫುಟ್‌ಹಿಲ್‌ನಂಥ ಕಡೆ 4 ಯೂನಿಟ್. ಪ್ರಿನ್ಸಿಪಾಲರ ಅನುಮತಿ ಫಾರಂ ಬೇಕು. ಅಲ್ಲಿ ಬಂದ ಗ್ರೇಡ್ ಕಾಲೇಜು ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುವುದರಿಂದ ಇಂಗ್ಲಿಷ್ ಕುದುರುವವರೆಗೆ ಮೊದಲ ಬೇಸಿಗೆಯಲ್ಲಿ ಬೇಡ. ಸರ್ಕಾರ ಅಥವಾ ಅರ್ಥಶಾಸ್ತ್ರವನ್ನು 11 ಮುಗಿದ ಬೇಸಿಗೆಯಲ್ಲಿ ಹೀಗೆ ಮುಗಿಸಿಕೊಂಡರೆ 12ರಲ್ಲಿ ಜಾಗ ಬಿಡುವಾಗುತ್ತದೆ. ಡಿಪ್ಲೊಮಾಕ್ಕೂ ಅದನ್ನು ಲೆಕ್ಕ ಹಿಡಿಯುತ್ತಾರೆಯೇ ಎಂದು ಶುಲ್ಕ, ಪುಸ್ತಕದ ವಿಚಾರಕ್ಕೂ ಮೊದಲು ಶಾಲೆಯನ್ನು ಕೇಳಿ.

- ಇಬ್ಬರು ಮಕ್ಕಳ ತಂದೆ, ಫ್ರೀಮಾಂಟ್

*

ಮನಸ್ಸು ಬದಲಾಗಿ ಊರಿಗೆ ಮರಳಿ ಎಂಬಿಬಿಎಸ್ ಓದುವ ಯೋಚನೆ ಇದ್ದರೆ ಈಗಲೇ ಹೇಳಿಬಿಡಿ. ಎ-ಜಿಗೆ ಎರಡು ವಿಜ್ಞಾನ ಸಾಕು, ನೀಟ್‌ಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ನಾಲ್ಕೂ ಬೇಕು. ಮೂರು ವಿಜ್ಞಾನವನ್ನೂ 11 ಮತ್ತು 12ರ ದಾಖಲೆಯಲ್ಲಿ ಬರುವಂತೆ ಜೋಡಿಸಿ: ಜೀವಶಾಸ್ತ್ರ 10ರಲ್ಲಿ ಮುಗಿದರೆ 12ರಲ್ಲಿ ಎಪಿ ಜೀವಶಾಸ್ತ್ರ ತೆಗೆದುಕೊಳ್ಳಲಿ. ಅಮೆರಿಕದ 12ನೇ ತರಗತಿಗೆ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ (ಎಐಯು) ತತ್ಸಮಾನ ಪ್ರಮಾಣಪತ್ರವೂ ಬೇಕಾಗುತ್ತದೆ.

- ನಿವೃತ್ತ ಉಪನ್ಯಾಸಕ, ಮೈಸೂರು