ಪದಚರ್ಚೆ (ತುರ್ತು): ಇಂಗ್ಲಿಷ್ ಪದಕ್ಕೆ ‘ರೈಮ್’ ಆಗೋ ಪದ, ಕನ್ನಡದಲ್ಲಿ ಏನಂತ ಹಾಕೋದು?

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟಿದೆ, ನೇರ ವಿಷಯಕ್ಕೆ ಬರ್ತೀನಿ.

ಒಂದು ಆ್ಯಪ್ಪಿನ ಕನ್ನಡ ಅನುವಾದ ನನ್ನ ಕೈಲಿದೆ. ಬಾಕ್ಸಲ್ಲಿ ಇಂಗ್ಲಿಷ್ ಪದ ಟೈಪ್ ಮಾಡಿದ್ರೆ ಅದಕ್ಕೆ ರೈಮ್ ಆಗೋ ಇಂಗ್ಲಿಷ್ ಪದಗಳನ್ನ ಪಟ್ಟಿ ಮಾಡಿ ತೋರ್ಸುತ್ತೆ, ಅಷ್ಟೇ ಅದರ ಕೆಲಸ. ಹಾಡು ಬರೆಯೋರು, ಮಕ್ಕಳಿಗೆ ಇಂಗ್ಲಿಷ್ ಕಲಿಸೋ ಟೀಚರ್‌ಗಳು ಬಳಸ್ತಾರೆ. ನನಗೆ ಬೇಕಾಗಿರೋದು ಬಟನ್ ಮೇಲೆ ಹಾಕೋಕೆ ಒಂದು ಪದ, ಕೆಳಗಿನ ಎರಡು ಹೆಡಿಂಗಿಗೆ ಪದ (ಒಂದು ಕ್ಯಾಟ್–ಹ್ಯಾಟ್ ಥರ ಪಕ್ಕಾ ಕೂಡೋದು, ಇನ್ನೊಂದು ಹೋಮ್–ಸ್ಟೋನ್ ಥರ ಹತ್ರ ಹತ್ರ ಬಂದು ಪೂರ್ತಿ ಕೂಡದೇ ಇರೋದು), ಆಮೇಲೆ ಏನೂ ಸಿಗದೇ ಇದ್ದಾಗ ಬರೋ ಮೆಸೇಜು. ಟೆಸ್ಟ್ ಮಾಡೋರೆಲ್ಲ ಮೊದಲು ಹೊಡೆಯೋದೇ ಆರೆಂಜ್ ಅಂತ, ಅದಕ್ಕೆ ಪಟ್ಟಿ ಖಾಲಿ ಬರುತ್ತೆ.

ನಾನು ‘ಪ್ರಾಸ ಹುಡುಕಿ’ ಅಂತ ಹಾಕಿದ್ದೆ. ರಿವ್ಯೂ ಮಾಡಿದವರು ‘ಪ್ರಾಸ ಅಂದ್ರೆ ಎರಡನೇ ಅಕ್ಷರದ್ದು, ಇದು ತಪ್ಪು’ ಅಂತ ವಾಪಸ್ ಕಳ್ಸಿದಾರೆ. ನಾಳೆ ಸಂಜೆಯೊಳಗೆ ಫೈಲ್ ಕೊಡ್ಬೇಕು. ಬಟನ್ನು ಚಿಕ್ಕದು, ಎರಡು ಪದದ ಮೇಲೆ ಹಿಡಿಯಲ್ಲ. ದಯವಿಟ್ಟು ಹೇಳಿ.

* * *

ಅಂತ್ಯಪ್ರಾಸ. ಇದ್ರಲ್ಲಿ ಚರ್ಚೆ ಮಾಡೋದೇನಿದೆ?

* * *

ರಿವ್ಯೂ ಮಾಡಿದವರು ಹೇಳಿದ್ದು ಸರಿಯಾಗೇ ಇದೆ ಮೇಡಂ, ಅವರನ್ನ ಬೈಕೋಬೇಡಿ. ವಿಶೇಷಣ ಇಲ್ಲದೆ ಬರೀ ಪ್ರಾಸ ಅಂದ್ರೆ ಕನ್ನಡ ಛಂದಸ್ಸಲ್ಲಿ ಆದಿಪ್ರಾಸವೇ, ಅಂದ್ರೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ಇರೋದು. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಅಂತ ಆರು ಹೆಸರು ಇಟ್ಟಿರೋದೂ ಅದಕ್ಕೇ, ಸಾಲಿನ ಕೊನೆಗೆ ಅಲ್ಲ. ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ರು ಅಂತ ಸಾಹಿತ್ಯ ಚರಿತ್ರೇಲಿ ಓದ್ತೀವಲ್ಲ, ಅಲ್ಲಿ ಬಿಟ್ಟಿದ್ದು ಯಾವುದನ್ನ? ಎರಡನೇ ಅಕ್ಷರದ್ದನ್ನ. ಈಗ ಪ್ರಾಸ ಅಂದ್ರೆ ಕೊನೇದು ಅಂತ ಮಾಡ್ಬಿಟ್ರೆ ಆ ವಾಕ್ಯ ಓದೋ ಹುಡುಗರಿಗೆ ಅರ್ಥ ತಿರುಗಾಮುರುಗ ಆಗುತ್ತೆ.

ಇನ್ನೊಂದು ಮಾತು. ‘ಪ್ರಾಸ’ ಅನ್ನೋದು ಪ್ರ ಜೊತೆ ಎಸೆಯೋದು ಅನ್ನೋ ಅರ್ಥದ ಅಸ್ ಧಾತು ಸೇರಿ ಆಗಿರೋದು, ಸಂಸ್ಕೃತದಲ್ಲಿ ಅದಕ್ಕೆ ಈಟಿ ಅನ್ನೋ ಅರ್ಥವೂ ಇದೆ. ಆದ್ರೆ ಪ್ರತಿ ಪಾದದ ಎರಡನೇ ಅಕ್ಷರ ಒಂದೇ ಇರ್ಲೇಬೇಕು ಅನ್ನೋ ಕಟ್ಟು ಸಂಸ್ಕೃತ ಕಾವ್ಯದಲ್ಲಿಲ್ಲ, ಅದು ನಮ್ಮ ಕಡೆ ಭಾಷೆಗಳದ್ದು. ಹೆಸರು ಅವರದ್ದು, ವಸ್ತು ನಮ್ಮದು. ಇದನ್ನ ಯಾರೂ ಗಮನಿಸೋದೇ ಇಲ್ಲ.

* * *

‘ಅಂತ್ಯ’ವೂ ಸಕ್ಕದ (ಸಂಸ್ಕೃತ), ‘ಪ್ರಾಸ’ವೂ ಸಕ್ಕದ. ವಸ್ತು ನಮ್ಮದು ಅಂತ ಮೇಲಿನವರೇ ಒಪ್ಪಿದಾರೆ, ಹಾಗಿದ್ರೆ ಹೆಸರೂ ನಮ್ಮದೇ ಯಾಕಿರಬಾರದು? ತಮಿಳರು ಎರಡನೇ ಬರಿಗೆಯದಕ್ಕೆ ಎದುಗೈ, ಮೊದಲನೇದಕ್ಕೆ ಮೋನೈ, ಕೊನೆಯದಕ್ಕೆ ಇಯೈಬು ಅಂತ ಮೂರಕ್ಕೂ ತಮ್ಮ ನುಡಿಯದೇ ಪದ ಇಟ್ಕೊಂಡಿದಾರೆ. ನನ್ನ ಸಲಹೆ ಇದು, ಉಲಿ ಅಂದ್ರೆ ಸದ್ದು. ಬಟನ್ನಿಗೆ ‘ಕೊನೆಯುಲಿ’, ಪಕ್ಕಾ ಕೂಡೋದಕ್ಕೆ ‘ಸರಿಯುಲಿ’, ಹತ್ತಿರ ಬರೋದಕ್ಕೆ ‘ನೆರೆಯುಲಿ’. ಚಿಕ್ಕದು, ಉಲಿಯೋಕೆ ಸುಲಬ, ಮಹಾಪ್ರಾಣವೂ ಇಲ್ಲ.

* * *

> ಸರಿಯುಲಿ, ನೆರೆಯುಲಿ

ಯಾರಿಗೆ ಸ್ವಾಮಿ ಅರ್ಥ ಆಗುತ್ತೆ ಇದು? ಬಟನ್ ಒತ್ತೋಕೆ ಮುಂಚೆ ನಿಘಂಟು ತೆಗೀಬೇಕಾ? ರೈಮ್ ಅಂತಲೇ ಕನ್ನಡ ಲಿಪೀಲಿ ಹಾಕಿ ಬಿಡಿ ಮೇಡಂ. ಹುಡುಕೋದೇ ಇಂಗ್ಲಿಷ್ ಪದ, ಸಿಗೋದೂ ಇಂಗ್ಲಿಷ್ ಪದ, ಮಧ್ಯದಲ್ಲಿ ಅಚ್ಚಗನ್ನಡ ತಂದು ಏನು ಸಾಧಿಸ್ಬೇಕು? ಬಳಕೇಲಿರೋ ಪದಾನೇ ಭಾಷೆ.

* * *

ಮಧ್ಯೆ ಬಾಯಿ ಹಾಕ್ತಿದ್ದೀನಿ. ಆರೆಂಜ್ ಅಂದ್ರಲ್ಲ, ಆ ಪದಾನೇ ನಮ್ಮ ಕಡೆಯಿಂದ ಹೋಗಿದ್ದು ಅಂತ ಎಷ್ಟು ಜನಕ್ಕೆ ಗೊತ್ತು? ಸಂಸ್ಕೃತದ ನಾರಂಗ, ಪರ್ಶಿಯನ್ನಿನಲ್ಲಿ ನಾರಂಗ್, ಅರಬ್ಬೀಲಿ ನಾರಂಜ್, ಅಲ್ಲಿಂದ ಯೂರೋಪಿಗೆ ಹೋಗಿ ಫ್ರೆಂಚ್ ಹೊತ್ತಿಗೆ ಮುಂದಿನ ನ ಉದುರಿ ಇಂಗ್ಲಿಷಿಗೆ ಬಂತು. ಸಂಸ್ಕೃತಕ್ಕೆ ಎಲ್ಲಿಂದ ಬಂತು ಅಂದ್ರೆ ದ್ರಾವಿಡದಿಂದ ಅಂತ ಬಹಳ ಜನ ವಿದ್ವಾಂಸರ ಅಭಿಪ್ರಾಯ. ಹಳಗನ್ನಡದ ನಱು, ಅಂದ್ರೆ ಕಂಪು, ಅದರ ನೆಂಟನೇ ನಾಱು. ಈಗ ನಾರೋದು ಅಂದ್ರೆ ಕೆಟ್ಟ ವಾಸನೆ ಮಾತ್ರ ಆಗಿಹೋಗಿದೆ, ಮೊದಲು ಹಾಗಿರಲಿಲ್ಲ. ಆ ನ ಉದುರದೇ ಉಳಿದಿದ್ರೂ ಇಂಗ್ಲಿಷಲ್ಲಿ ಇದಕ್ಕೆ ಜೊತೆ ಸಿಗ್ತಿರಲಿಲ್ಲ, ಯಾಕಂದ್ರೆ ತೊಂದರೆ ಇರೋದು ಬಾಲದಲ್ಲಿ. ನಮ್ಮಲ್ಲಾದ್ರೆ ಕಿತ್ತಳೆಗೆ ಕತ್ತಲೆ ಇದೆ.

* * *

ಕಿತ್ತಳೆಗೆ ಕತ್ತಲೆ ಕೂಡಲ್ಲ. ಒಂದು ಳೆ, ಇನ್ನೊಂದು ಲೆ. ಹಿತ್ತಾಳೆ ಅನ್ನಿ, ಒಪ್ತೀನಿ.

* * *

ಎರಡನೇ ಅಕ್ಷರ ನೋಡಿ, ತ್ತ–ತ್ತ. ಕಿತ್ತಳೆ–ಕತ್ತಲೆ ಲಕ್ಷಣವಾದ ಹಯಪ್ರಾಸ, ಅಂದ್ರೆ ಎರಡನೇ ಅಕ್ಷರಕ್ಕೆ ಅದೇ ಅಕ್ಷರದ ಒತ್ತು ಇರೋದು. ನಾನು ಮೊದಲಿಂದ ಹೇಳ್ತಿರೋದೂ ಇದನ್ನೇ, ಎರಡೂ ಬೇರೆ ಬೇರೆ ಲೆಕ್ಕ.

* * *

ಎಲ್ಲರೂ ಅವರವರ ಕುದುರೆ ಹತ್ತಿ ಹೊರಟ್ರಿ, ಕೇಳಿದವರಿಗೆ ನಾಳೆ ಫೈಲ್ ಕೊಡಬೇಕು. ನಾನು ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನನಗೆ ಇದು ಬರೀ ಬಟನ್ನಿನ ಪ್ರಶ್ನೆ ಅಂತ ಅನ್ಸಲ್ಲ.

ಮೊದಲು ‘ರೈಮ್’ ಹಾಕಿ ಅಂದವರಿಗೆ. ಕನ್ನಡದಲ್ಲಿ ರೈಮ್ಸ್ ಅಂದ್ರೆ ಈಗ ಶಿಶುಗೀತೆ. ಮಗು ರೈಮ್ಸ್ ಹೇಳುತ್ತೆ, ರೈಮ್ಸ್ ಕಲ್ತಿದೆ ಅಂತೀವಿ, ಅಲ್ಲಿ ಯಾರೂ ಪ್ರಾಸದ ಮಾತು ಆಡ್ತಿಲ್ಲ. ಬಟನ್ ಮೇಲೆ ‘ರೈಮ್ಸ್ ಹುಡುಕಿ’ ಅಂತಿದ್ರೆ ಟೀಚರ್ ಒತ್ತಿ ಹಾಡು ಬರುತ್ತೆ ಅಂತ ಕಾಯ್ತಾರೆ. ಬಳಕೇಲಿರೋ ಪದಾನೇ ಭಾಷೆ ಅನ್ನೋದು ಸರಿ, ಹಾಗಾದ್ರೆ ಯಾವ ಅರ್ಥದಲ್ಲಿ ಬಳಕೇಲಿದೆ ಅಂತಲೂ ನೋಡಿ.

ಇನ್ನು ಮೇಷ್ಟ್ರೇ, ನಿಮ್ಮ ಮಾತಿಗೆ. ಛಂದಸ್ಸಿನ ಪುಸ್ತಕದೊಳಗೆ ನೀವು ಹೇಳಿದ್ದು ನೂರಕ್ಕೆ ನೂರು ಸರಿ. ಆದ್ರೆ ‘ಪದ್ಯದಲ್ಲಿರುವ ಪ್ರಾಸಪದಗಳನ್ನು ಪಟ್ಟಿ ಮಾಡಿ’ ಅಂತ ಪ್ರಾಥಮಿಕ ಶಾಲೆಯ ಅಭ್ಯಾಸದಲ್ಲಿ ಕೇಳಿದಾಗ ಮಕ್ಕಳು ಬರೆಯೋದು ಸಾಲಿನ ಕೊನೇ ಪದಗಳನ್ನೇ, ಅದಕ್ಕೇ ಮಾರ್ಕ್ಸೂ ಬೀಳುತ್ತೆ. ಈ ಗೊಂದಲ ಯಾಕೆ ಯಾರಿಗೂ ಚುಚ್ಚಲ್ಲ ಅಂದ್ರೆ, ಎರಡಕ್ಷರದ ಪದದಲ್ಲಿ ಎರಡನೇ ಅಕ್ಷರವೇ ಕೊನೇ ಅಕ್ಷರ. ಪ್ರಾಸ–ತ್ರಾಸ, ನೋಡು–ಓಡು, ಇವು ಹಿಂದಿನಿಂದ ನೋಡಿದ್ರೂ ಕೂಡುತ್ತೆ, ನಿಮ್ಮ ಗಜಪ್ರಾಸದ (ಎರಡನೇ ಅಕ್ಷರದ ಹಿಂದೆ ದೀರ್ಘ ಬರೋದು) ಲೆಕ್ಕಕ್ಕೂ ಕೂಡುತ್ತೆ. ಮೂರಕ್ಷರಕ್ಕೆ ಹೋದ ಕೂಡ್ಲೇ ದಾರಿ ಕವಲಾಗುತ್ತೆ, ಕಿತ್ತಳೆ–ಕತ್ತಲೆ ಜಗಳ ಅಲ್ಲಿಂದಲೇ ಹುಟ್ಟಿದ್ದು. ಮತ್ತೆ ಕೊನೇ ಪ್ರಾಸ ಅನ್ನೋದು ಇಂಗ್ಲಿಷರು ಬಂದ ಮೇಲೆ ಬಂತು ಅಂತ ಯಾರಾದ್ರೂ ಅನ್ನೋಕೆ ಮುಂಚೆ ಹೇಳ್ಬಿಡ್ತೀನಿ, ಹರಿಹರನ ರಗಳೆ ತೆಗೆದು ನೋಡಿ, ಎರಡೆರಡು ಸಾಲಿಗೆ ಕೊನೆ ಕೂಡಿಸ್ಕೊಂಡೇ ಹೋಗುತ್ತೆ.

ಇಂಗ್ಲಿಷಿನ ಕಥೆಯೂ ಹೀಗೇ ಇದೆ. ಹಳೇ ಇಂಗ್ಲಿಷ್ ಪದ್ಯದ ಕಟ್ಟು ಪದದ ತಲೇಲಿತ್ತು, ಸಾಲಿನೊಳಗೆ ಒತ್ತು ಬೀಳೋ ಪದಗಳು ಒಂದೇ ಸದ್ದಿಂದ ಶುರುವಾಗಬೇಕಿತ್ತು. ಕೊನೆ ಕೂಡಿಸೋದು ಲ್ಯಾಟಿನ್, ಫ್ರೆಂಚ್ ಪ್ರಭಾವದಿಂದ ಬಲವಾಗಿದ್ದು. ಪದವೂ ಫ್ರೆಂಚಿನದೇ, ಕಾಗುಣಿತದಲ್ಲಿ ಈಗ ಕಾಣೋ ಎಚ್ ಆಮೇಲೆ ‘ರಿದಮ್’ ನೋಡಿ ಸೇರಿಸ್ಕೊಂಡಿದ್ದು. ಅವರು ವಸ್ತುವನ್ನೂ ತಂದ್ರು, ಹೆಸರನ್ನೂ ತಂದ್ರು, ಕಾಗುಣಿತವನ್ನೂ ಕೆಡಿಸ್ಕೊಂಡ್ರು, ಭಾಷೆ ಏನೂ ಮುಳುಗಲಿಲ್ಲ. ಅಚ್ಚಗನ್ನಡದ ಗೆಳೆಯರೇ, ಇದು ನಿಮಗೆ.

ಅವರಿಗೆ ಇನ್ನೂ ಒಂದು ಮಾತಿದೆ. ‘ಬಸ್’ ತಗೊಳ್ಳಿ. ಇಂಗ್ಲಿಷಲ್ಲಿ ಅದರ ಜೊತೆಗಾರರು ಪ್ಲಸ್, ಅಸ್, ಫಸ್. ನಮ್ಮ ಬಾಯಿಗೆ ಬಂದ ಮೇಲೆ ಅದು ಬಸ್ಸು, ಈಗ ಅದರ ಜೊತೆಗಾರರು ಮನಸ್ಸು, ಯಶಸ್ಸು, ತೇಜಸ್ಸು. ರೋಡು ಬಂದು ನೋಡು–ಓಡು ಪಕ್ಕ ಕೂತಿದೆ. ಹ್ರಸ್ವದ ಮುಂದೆ ಒತ್ತು, ದೀರ್ಘದ ಮುಂದೆ ಒತ್ತಿಲ್ಲ, ಕೊನೇಲಿ ಉ. ಈಗ ಮನಸ್ಸು ಎಲ್ಲಿಂದ ಬಂತು ಹೇಳಿ? ಮನಸ್ ಅನ್ನೋ ಸಂಸ್ಕೃತ ಪದಕ್ಕೂ ಇದೇ ಸಂಸ್ಕಾರ ಆಗಿ ಅದು ಮನಸ್ಸು ಆಯ್ತು, ಸಂಪತ್ ಸಂಪತ್ತು ಆಯ್ತು, ವಿಪತ್ ವಿಪತ್ತು ಆಯ್ತು. ಸಾವಿರ ವರ್ಷದ ಹಿಂದೆ ಬಂದಿದ್ದಕ್ಕೂ ಮೊನ್ನೆ ಬಂದಿದ್ದಕ್ಕೂ ಕನ್ನಡ ಒಂದೇ ಬಾಗಿಲು ಇಟ್ಟಿದೆ. ಆ ಬಾಗಿಲು ದಾಟಿ ಬಂದು ನಮ್ಮ ಪದಗಳ ಜೊತೆ ಪ್ರಾಸ ಕೂಡೋ ಮಟ್ಟಕ್ಕೆ ಬೆರೆತಿರೋದನ್ನ ಹೊರಗಿನದು ಅಂತ ಓಡಿಸೋದು ನನ್ನಿಂದ ಆಗಲ್ಲ. ‘ಪ್ರಾಸ’ಕ್ಕೂ ಅದೇ ಮಾತು.

* * *

ಬಾಗಿಲು ತೆರೆದಿದೆ ಅಂತ ಮನೆಯವರನ್ನೇ ಹೊರಗೆ ಹಾಕಿದ್ದಲ್ಲವೇ ಆಗಿರೋದು? ಕೂಡುವ, ಉಲಿ, ಕೊನೆ ಇವೆಲ್ಲ ಎಲ್ಲರ ಬಾಯಲ್ಲಿರೋ ಪದಗಳು. ಬಳಸದೇ ಇದ್ರೆ ಯಾವ ಪದವೂ ಬಳಕೆಗೆ ಬರಲ್ಲ. ನನ್ನ ನಿಲುವು ಬದಲಾಗಿಲ್ಲ.

* * *

ಉಲಿ ಎಲ್ಲರ ಬಾಯಲ್ಲಿಲ್ಲ. ಹಕ್ಕಿ ಉಲಿಯುತ್ತೆ, ಅದೂ ಪದ್ಯದಲ್ಲಿ. ಇಷ್ಟೇ.

* * *

ಹತ್ತಿರ ಬರೋದಕ್ಕೆ ‘ನೆರೆ’ ಕೆಟ್ಟ ಪದ ಏನಲ್ಲ, ಆದ್ರೆ ನೆರೆ ಅಂದ ಕೂಡ್ಲೇ ಅರ್ಧ ಜನಕ್ಕೆ ಪ್ರವಾಹ ನೆನಪಾಗುತ್ತೆ. ‘ಹತ್ತಿರದ ಪ್ರಾಸ’ ಅನ್ನಿ ಸಾಕು.

ನಾನು ಬರೆಯೋಕೆ ಬಂದಿದ್ದು ಬೇರೆ. ಈ ಆ್ಯಪ್ಪು ಪದಗಳನ್ನ ಹುಡುಕೋದು ಕಾಗುಣಿತ ನೋಡೋ ಅಥವಾ ಉಚ್ಚಾರಣೆ ನೋಡೋ? ಹೆಡಿಂಗಿನಷ್ಟೇ ಇದೂ ಮುಖ್ಯ. ಜಾನ್ ವಾಕರ್ 1775ರಲ್ಲಿ ತಂದ ಇಂಗ್ಲಿಷ್ ಪ್ರಾಸ ನಿಘಂಟಲ್ಲಿ ಪದಗಳನ್ನ ಕೊನೇ ಅಕ್ಷರದಿಂದ ಹಿಂದಕ್ಕೆ ಜೋಡಿಸಿದ್ರು. ಇಂಗ್ಲಿಷಿಗೆ ಅದರಿಂದ ಅರ್ಧ ಕೆಲಸ ಮಾತ್ರ ಆಗೋದು. ಓ-ಯು-ಜಿ-ಎಚ್ ಅಂತ ಮುಗಿಯೋ ಪದಗಳನ್ನೇ ನೋಡಿ, ದೋ, ಥ್ರೂ, ಟಫ್, ಕಾಫ್, ಬೌ. ಐದಕ್ಕೂ ಬಾಲ ಒಂದೇ, ಸದ್ದು ಐದು. ಲವ್–ಮೂವ್ ಕಣ್ಣಿಗೆ ಕೂಡುತ್ತೆ, ಕಿವಿಗೆ ಕೂಡಲ್ಲ. ಕನ್ನಡ ಲಿಪೀಲಿ ಬರೆದ ಕೂಡ್ಲೇ ಈ ಮೋಸ ಬಯಲಾಗುತ್ತೆ, ಅದಕ್ಕೇ ಪಟ್ಟೀಲಿ ಪ್ರತಿ ಪದದ ಪಕ್ಕ ಕನ್ನಡದಲ್ಲಿ ಉಚ್ಚಾರಣೆ ಕೊಡೋಕೆ ಆಗುತ್ತಾ ಅಂತ ಮಾಡಿದವರನ್ನ ಕೇಳಿ.

ಈಗಿನ ಪ್ರೋಗ್ರಾಮುಗಳಲ್ಲಿ ಸಾಕಷ್ಟು ಕಡೆ ಹಿಂದಿರೋದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಉಚ್ಚಾರಣಾ ನಿಘಂಟು, 1,34,000ಕ್ಕೂ ಹೆಚ್ಚು ಪದ ಅದರಲ್ಲಿದೆ, ಸ್ವರ ಸ್ವರಕ್ಕೂ 0, 1, 2 ಅಂತ ಒತ್ತಿನ ಅಂಕಿ ಇದೆ (0 ಅಂದ್ರೆ ಒತ್ತಿಲ್ಲ, 1 ಮುಖ್ಯ ಒತ್ತು, 2 ಅದಕ್ಕಿಂತ ಕಡಿಮೆ ಒತ್ತು). 1 ಇರೋ ಕೊನೇ ಸ್ವರದಿಂದ ಪದದ ತುದಿವರೆಗೂ ಸದ್ದು ಒಂದೇ ಇರಬೇಕು, ಅದರ ಹಿಂದಿನ ವ್ಯಂಜನ ಬೇರೆ ಇರಬೇಕು, ಆಗ ಪಕ್ಕಾ ಪ್ರಾಸ. ಆದ್ರೆ ಅದು ಅಮೆರಿಕನ್ ಉಚ್ಚಾರಣೆ. ಕ್ಲರ್ಕ್ ಅನ್ನೋದು ಅಲ್ಲಿ ವರ್ಕ್ ಜೊತೆ ಕೂಡುತ್ತೆ, ಬ್ರಿಟಿಷರ ಬಾಯಲ್ಲಿ ಅದು ಕ್ಲಾರ್ಕ್, ಪಾರ್ಕ್ ಜೊತೆ ಹೋಗುತ್ತೆ. ವರ್ಣಮಾಲೆಯ ಕೊನೇ ಅಕ್ಷರ ಅಮೆರಿಕದಲ್ಲಿ ಝೀ, ಬೀ–ಸೀ ಜೊತೆ. ನಾವು ಕಲಿತಿದ್ದು ಝೆಡ್, ರೆಡ್–ಬೆಡ್ ಜೊತೆ. ನಮ್ಮ ಟೀಚರ್‌ಗಳಿಗೆ ಇದು ಗೊಂದಲ ಮಾಡುತ್ತೆ, ಎಲ್ಲಾದ್ರೂ ಒಂದು ಸಾಲು ಬರೀಲೇಬೇಕು.

ಮೆಸೇಜಿನ ವಿಷಯ. ‘ಇದಕ್ಕೆ ಪ್ರಾಸವಿಲ್ಲ’ ಅಂತ ಬರೀಬೇಡಿ. ಆರೆಂಜ್‌ಗೆ ವೇಲ್ಸ್‌ನಲ್ಲಿ ಬ್ಲಾರೆಂಜ್ ಅಂತ ಒಂದು ಬೆಟ್ಟ ಇದೆ. ಸಿಲ್ವರ್‌ಗೆ ಚಿಲ್ವರ್ ಇದೆ, ಹೆಣ್ಣು ಕುರಿಮರಿ ಅಂತ ಅರ್ಥ. ಪರ್ಪಲ್‌ಗೆ ಹರ್ಪಲ್ ಇದೆ, ಸ್ಕಾಟ್ಲೆಂಡಿನವರು ಕುಂಟ್ಕೊಂಡು ನಡೆಯೋದಕ್ಕೆ ಹೇಳೋದು. ಮಂತ್ ಅನ್ನೋದಕ್ಕೆ ಮಾತ್ರ ಯಾರೂ ಒಂಟಿ ಪದ ಕೊಟ್ಟಿದ್ದು ನಾನು ನೋಡಿಲ್ಲ. ಪಟ್ಟೀಲಿ ಇಲ್ಲ ಅಂದ್ರೆ ಭಾಷೇಲೇ ಇಲ್ಲ ಅಂತಲ್ಲ. ‘ಪ್ರಾಸಪದ ಸಿಗಲಿಲ್ಲ’ ಅನ್ನಿ, ಕೆಳಗೆ ‘ಹತ್ತಿರದ ಪ್ರಾಸ ನೋಡಿ’ ಅಂತ ದಾರಿ ಕೊಡಿ.

* * *

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಟನ್ನಿಗೆ ‘ಪ್ರಾಸಪದ ಹುಡುಕಿ’, ಹೆಡಿಂಗಿಗೆ ‘ಪೂರ್ಣ ಅಂತ್ಯಪ್ರಾಸ’, ‘ಹತ್ತಿರದ ಪ್ರಾಸ’, ಖಾಲಿ ಬಂದ್ರೆ ‘ಪ್ರಾಸಪದ ಸಿಗಲಿಲ್ಲ’. ರಿವ್ಯೂಗೆ ಶಾಲೆಯ ಅಭ್ಯಾಸದ ಉದಾಹರಣೆ, ರಗಳೆ ಎರಡನ್ನೂ ಬರೆದು ಕಳಿಸ್ತಿದ್ದೀನಿ. ಅಮೆರಿಕನ್ ಉಚ್ಚಾರಣೆ ಅನ್ನೋ ಸಾಲು ಹೆಲ್ಪ್ ಪುಟಕ್ಕೆ ಹೋಗುತ್ತೆ, ಕನ್ನಡ ಉಚ್ಚಾರಣೆ ಮಾತ್ರ ಈ ಸಲ ಆಗಲ್ಲ ಅಂದ್ರು. ಒಂದೇ ಕಾಗುಣಿತಕ್ಕೆ ಎರಡು ಉಚ್ಚಾರಣೆ ಇದ್ರೆ ಪಟ್ಟಿ ಹೇಗೆ ಬರುತ್ತೆ ಅಂತ ಈಗ ಅವರೇ ಕೇಳ್ತಿದಾರೆ.

* * *

‘ಪೂರ್ಣ’ ಯಾಕೆ, ‘ತುಂಬು’ ಅನ್ನಬಹುದಿತ್ತು.

* * *

ಆ ಪ್ರಶ್ನೆ ಸರಿಯಾಗಿದೆ ಮೇಡಂ, ಪಟ್ಟಿ ಎರಡಾಗಿ ಒಡೀಲೇಬೇಕು. ವಿಂಡ್ ಅಂದ್ರೆ ಗಾಳಿ, ಅದೇ ಕಾಗುಣಿತ ವೈಂಡ್ ಅಂತ ಓದಿದ್ರೆ ಸುತ್ತೋದು, ಆಗ ಅದು ಮೈಂಡ್–ಫೈಂಡ್ ಜೊತೆ ಹೋಗುತ್ತೆ. ಎಲ್-ಇ-ಎ-ಡಿ ಕೂಡ ಹಾಗೇ, ಸೀಸ ಆದ್ರೆ ರೆಡ್ ಜೊತೆ, ಮುನ್ನಡೆಸೋದಾದ್ರೆ ನೀಡ್ ಜೊತೆ. ಎರಡನ್ನೂ ಒಂದೇ ಪಟ್ಟೀಲಿ ಸುರಿದ್ರೆ ಮಕ್ಕಳು ರೆಡ್–ನೀಡ್ ಪ್ರಾಸ ಅಂತ ಬರ್ಕೊಂಡು ಹೋಗ್ತಾರೆ. ‘ಯಾವ ಅರ್ಥ?’ ಅಂತ ಮೊದಲು ಕೇಳಿ ಆಮೇಲೆ ಪಟ್ಟಿ ತೋರ್ಸೋ ಹಾಗೆ ಮಾಡ್ಲಿ. ಆ ಪ್ರಶ್ನೆಗೆ ಬೇಕಾದ ಅರ್ಥಗಳನ್ನ ಕನ್ನಡದಲ್ಲಿ ಬರೆದುಕೊಡೋಕೆ ನಾನಿದ್ದೀನಿ, ಪದಗಳ ಪಟ್ಟಿ ಕಳ್ಸಿ.