ವಿಜ್ಞಾನದ ಪಾಠದಲ್ಲಿ ಓದು-ಬರಹ ಕಲಿಸುವುದು ಯಾರ ಕೆಲಸ?

ಪ್ರಶ್ನೆ (5ನೇ ತರಗತಿಯ ವಿಜ್ಞಾನ ಶಿಕ್ಷಕಿ):
ನಮಸ್ಕಾರ ಸರ್. ನಮ್ಮ ಮಕ್ಕಳು ಪಾಠವನ್ನು ತಡವರಿಸದೆ ಗಟ್ಟಿಯಾಗಿ ಓದುತ್ತಾರೆ. ಓದಿ ಮುಗಿದ ಮೇಲೆ ಏನು ಅರ್ಥವಾಯಿತು ಎಂದು ಕೇಳಿದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಉತ್ತರವನ್ನು ಬೋರ್ಡ್ ಮೇಲೆ ಬರೆದುಕೊಟ್ಟರೆ ಮಾತ್ರ ನೋಟ್ಸ್ ತುಂಬುತ್ತದೆ. ಓದಿಸುವುದು, ಬರೆಸುವುದು ಭಾಷಾ ಶಿಕ್ಷಕರ ಕೆಲಸ ಅಲ್ಲವೇ? ನನಗೆ ಪಾಠ ಮುಗಿಸಲಿಕ್ಕೇ ಹೊತ್ತು ಸಾಲುತ್ತಿಲ್ಲ.

ಉತ್ತರ (ಓದು-ಬರಹ ಕಲಿಕೆಯ ತರಬೇತುದಾರ):
ಮೇಡಂ, ಅಕ್ಷರ ಕೂಡಿಸಿ ಓದುವುದನ್ನು ಭಾಷಾ ಶಿಕ್ಷಕರು ಕಲಿಸಿದ್ದಾರೆ. ವಿಜ್ಞಾನದ ಪುಟವನ್ನು ಓದುವ ಬಗೆಯನ್ನು ಮಾತ್ರ ನೀವೇ ಕಲಿಸಬೇಕು, ಬೇರೆ ಯಾರಿಂದಲೂ ಅದು ಆಗುವುದಿಲ್ಲ. ಕಥೆಯಲ್ಲಿ ಒಂದು ಸಾಲು ತಪ್ಪಿಹೋದರೂ ಮುಂದಿನ ಘಟನೆ ಮಗುವನ್ನು ಕೈಹಿಡಿದು ನಡೆಸುತ್ತದೆ. ವಿಜ್ಞಾನದಲ್ಲಿ ಒಂದು ಸಾಲು ಬಿಟ್ಟರೆ ಮುಂದಿನದಕ್ಕೆ ಆಧಾರವೇ ಇರುವುದಿಲ್ಲ.

ಈ ಎರಡು ಸಾಲು ನೋಡಿ: 'ನೀರು ಶಾಖ ಪಡೆದು ಆವಿಯಾಗುತ್ತದೆ. ಈ ಕ್ರಿಯೆಯನ್ನು ಆವೀಕರಣ ಎನ್ನುತ್ತಾರೆ.' ನಮಗೆ ಇದು ನೀರು ಕುಡಿದಷ್ಟು ಸುಲಭ. ಮಗುವಿಗೆ 'ಈ ಕ್ರಿಯೆ' ಎಂದರೆ ಯಾವುದು ಎಂಬುದೇ ತಿಳಿದಿರುವುದಿಲ್ಲ. ಹಿಂದಿನ ಇಡೀ ವಾಕ್ಯ ಆ ಎರಡು ಪದಗಳಲ್ಲಿ ಅಡಗಿದೆ ಎಂದು ಯಾರಾದರೂ ಒಮ್ಮೆ ತೋರಿಸಬೇಕು. ಅಲ್ಲಿ ನಿಲ್ಲಿಸಿ, 'ಯಾವ ಕ್ರಿಯೆ? ಬೆರಳಿಟ್ಟು ತೋರಿಸು' ಎನ್ನಿ. ಕೆಲವರು 'ನೀರು' ಎಂಬ ಪದದ ಮೇಲೆ ಬೆರಳಿಡುತ್ತಾರೆ. ತೊಡಕು ಎಲ್ಲಿದೆ ಎಂದು ನಿಮಗೆ ಆಗಲೇ ಗೊತ್ತಾಗುತ್ತದೆ. 'ಇದರಿಂದ', 'ಹೀಗೆ', 'ಇವುಗಳಲ್ಲಿ' ಬಂದ ಕಡೆಯಲ್ಲೂ ಇದನ್ನೇ ಮಾಡಿ.

ಇದಕ್ಕೆ ಬೇರೆ ಪೀರಿಯಡ್ ಬೇಡ. ಇಡೀ ಪಾಠವನ್ನು ಸರದಿಯಂತೆ ಓದಿಸುವುದನ್ನು ಬಿಡಿ. ಒಬ್ಬ ಓದುವಾಗ ಉಳಿದವರು ತಮ್ಮ ಸರದಿಯ ಸಾಲು ಹುಡುಕುತ್ತಾ ಕೂತಿರುತ್ತಾರೆ, ಹೊತ್ತು ಹೋಗುವುದು ಅಲ್ಲೇ. ಅದರ ಬದಲು ಪಾಠದ ಜೀವಾಳವಾದ ಒಂದೇ ಪ್ಯಾರಾ ಆರಿಸಿ. ಮೊದಲು ಎಲ್ಲರೂ ಮನಸ್ಸಿನಲ್ಲಿ ಓದಲಿ. ಆಮೇಲೆ ನೀವು ಗಟ್ಟಿಯಾಗಿ ಓದುತ್ತಾ, ನಿಮ್ಮ ತಲೆಯಲ್ಲಿ ಏನು ಓಡುತ್ತಿದೆ ಎಂಬುದನ್ನೂ ಬಾಯಿಬಿಟ್ಟು ಹೇಳಿ: 'ಇಲ್ಲಿ ಚಿತ್ರ ನೋಡು ಅಂದಿದ್ದಾರೆ, ನಾನು ಚಿತ್ರ ನೋಡಿ ಬರುತ್ತೇನೆ. ಬಾಣದ ಗುರುತು ಮೇಲಕ್ಕೆ ಹೋಗಿದೆ, ಅಂದರೆ ಆವಿ ಮೇಲೇರುತ್ತಿದೆ.' ಓದು ಬಲ್ಲವರು ಒಳಗೊಳಗೇ ಮಾಡುವ ಈ ಕೆಲಸ ಮಕ್ಕಳ ಕಣ್ಣಿಗೆ ಕಾಣುವುದಿಲ್ಲ. ಕಿವಿಗಾದರೂ ಬೀಳಲಿ.

ಮರುಪ್ರಶ್ನೆ (ಅದೇ ಶಿಕ್ಷಕಿ):
ಸರಿ ಸರ್, ಓದಿಸುವುದು ಅರ್ಥವಾಯಿತು. ಬರವಣಿಗೆ? ಸ್ವಂತವಾಗಿ ಬರೆಯಿರಿ ಎಂದರೆ ಪುಸ್ತಕದ ಸಾಲನ್ನೇ ಇಳಿಸುತ್ತಾರೆ.

ಉತ್ತರ:
'ಸ್ವಂತವಾಗಿ ಬರೆಯಿರಿ' ಎಂಬುದು ಮಗುವಿಗೆ ತುಂಬಾ ದೊಡ್ಡ ಬಯಲು. ಚಿಕ್ಕ ಅಂಗಳ ಕೊಡಿ. ಒಂದು ವಾಕ್ಯ ನಿಮ್ಮದು, ಅದರ ಬಾಲ ಅವರದು. 'ಬೀಜ ಮೊಳೆಯಲು ನೀರು ಬೇಕು' ಎಂದು ಬೋರ್ಡ್ ಮೇಲೆ ಬರೆದು, ಅದನ್ನೇ ಮೂರು ಸಲ ಮುಂದುವರಿಸಲು ಹೇಳಿ. 'ಏಕೆಂದರೆ' ಎಂದು ಶುರು ಮಾಡಿದರೆ, ನೀರು ಹೀರಿದ ಬೀಜ ಉಬ್ಬಿ ಸಿಪ್ಪೆ ಒಡೆಯುತ್ತದೆ ಎಂಬುದು ಬರಬೇಕು. 'ಆದರೆ' ಎಂದರೆ, ನೀರು ನಿಂತೇ ಇದ್ದರೆ ಗಾಳಿ ಸಿಗದೆ ಕೊಳೆಯುತ್ತದೆ ಎನ್ನಬೇಕು. 'ಆದ್ದರಿಂದ' ಎಂದರೆ, ಒಣ ಡಬ್ಬಿಯಲ್ಲಿಟ್ಟ ಬೀಜ ಮೊಳೆಯುವುದಿಲ್ಲ ಎಂದು ಯೋಚಿಸಬೇಕು. ಪುಸ್ತಕದಲ್ಲಿ ಈ ಮೂರು ವಾಕ್ಯಗಳು ಸಿದ್ಧವಾಗಿ ಸಿಗುವುದಿಲ್ಲ, ಇಳಿಸಿಕೊಳ್ಳಲು ದಾರಿಯೇ ಇಲ್ಲ. ಬಾಯಲ್ಲಿ ಹೇಳಿಸಿ, ಪಕ್ಕದವರಿಗೆ ಹೇಳಿಸಿ, ಆಮೇಲೆ ಬರೆಸಿ. ಮಾತಿನಲ್ಲಿ ಬಾರದ ವಾಕ್ಯ ಪೆನ್ಸಿಲ್ಲಿನಿಂದ ಬರುವುದು ಕಷ್ಟ.

ವಿಜ್ಞಾನ, ಸಮಾಜ, ಗಣಿತದ ಪಾಠಗಳಲ್ಲಿ ವಿಷಯದ ಬಗ್ಗೆ ಬರೆಸುವುದರಿಂದ ಆ ವಿಷಯದ ಕಲಿಕೆಯೇ ಹೆಚ್ಚುತ್ತದೆ ಎಂದು 56 ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಲಾಭ ದೊಡ್ಡದೇನಲ್ಲ, ಆದರೆ ಮೂರೂ ವಿಷಯಗಳಲ್ಲಿ ಕಂಡಿದೆ. ಬರೆಸಿದ ಹೊತ್ತು ನಿಮ್ಮ ವಿಷಯಕ್ಕೇ ಸಂದಾಯವಾಗುತ್ತದೆ ಮೇಡಂ, ಕಳೆದುಹೋಗುವುದಿಲ್ಲ.

ಪ್ರಶ್ನೆ (4ನೇ ತರಗತಿಯ ಗಣಿತ ಶಿಕ್ಷಕ):
ನಮ್ಮಲ್ಲೂ ಇದೇ ಗೋಳು ಸರ್. ಕೂಡುವುದು, ಕಳೆಯುವುದು ಪಟಪಟ ಮಾಡುತ್ತಾರೆ. ಹೇಳಿಕೆ ಲೆಕ್ಕ ಕೊಟ್ಟರೆ 'ಕೂಡಬೇಕಾ, ಕಳೆಯಬೇಕಾ?' ಎಂದು ನನ್ನನ್ನೇ ಕೇಳುತ್ತಾರೆ. 'ಹೆಚ್ಚು' ಅಂದರೆ ಕೂಡು, 'ಉಳಿದದ್ದು' ಅಂದರೆ ಕಳೆ ಎಂದು ಗುರುತಿನ ಪದಗಳ ಪಟ್ಟಿ ಗೋಡೆಗೆ ಹಾಕಿದ್ದೇನೆ.

ಉತ್ತರ:
ದಯವಿಟ್ಟು ಆ ಪಟ್ಟಿ ತೆಗೆಯಿರಿ ಸರ್. ಈ ಲೆಕ್ಕ ನೋಡಿ: 'ರವಿಯ ಬಳಿ 12 ಗೋಲಿಗಳಿವೆ. ಅವು ಲತಾಳ ಬಳಿ ಇರುವುದಕ್ಕಿಂತ 5 ಹೆಚ್ಚು. ಲತಾಳ ಬಳಿ ಎಷ್ಟಿವೆ?' ಪಟ್ಟಿ ನಂಬಿದ ಮಗು 17 ಎನ್ನುತ್ತದೆ. ಸರಿಯುತ್ತರ 7. 'ಹೆಚ್ಚು' ಎಂಬ ಪದ ಇದ್ದರೂ ಇಲ್ಲಿ ಕಳೆಯಬೇಕು. ಓದದೆಯೇ ಉತ್ತರ ತರುವ ಒಳದಾರಿಯನ್ನು ಆ ಪಟ್ಟಿ ಕಲಿಸುತ್ತದೆ.

ಸಂಖ್ಯೆಗಳನ್ನು ಮುಚ್ಚಿ ಲೆಕ್ಕ ಓದಿಸಿ. 'ರವಿಯ ಬಳಿ ಕೆಲವು ಗೋಲಿಗಳಿವೆ, ಅವು ಲತಾಳವಕ್ಕಿಂತ ಹೆಚ್ಚು.' ಯಾರ ಬಳಿ ಜಾಸ್ತಿ? ಯಾರದು ಗೊತ್ತಿಲ್ಲ? ಇಬ್ಬರ ಗೋಲಿಗಳಿಗೂ ಒಂದೊಂದು ಅಡ್ಡಪಟ್ಟೆಯ ಚಿತ್ರ ಬರೆಯಲಿ, ರವಿಯದು ಉದ್ದ, ಲತಾಳದು ಗಿಡ್ಡ. ಆಮೇಲೆ ಸಂಖ್ಯೆ ತೆರೆಯಿರಿ. ಸಂಖ್ಯೆ ಕಂಡ ಕೂಡಲೇ ಮಕ್ಕಳ ಓದು ನಿಂತುಹೋಗುತ್ತದೆ, ಅದಕ್ಕೇ ಈ ಮರೆ. ಉತ್ತರ ಬಂದ ಮೇಲೆ 'ಲತಾಳ ಬಳಿ 7 ಗೋಲಿಗಳಿವೆ' ಎಂದು ಪೂರ್ತಿ ವಾಕ್ಯ ಬರೆಸಿ, ಬರೀ ಅಂಕಿ ಬೇಡ.

ಪ್ರಶ್ನೆ (ಇನ್ನೊಬ್ಬ ಶಿಕ್ಷಕಿ):
ಅಕ್ಷರವೇ ಸರಿಯಾಗಿ ಬಾರದ ಮಕ್ಕಳಿದ್ದರೆ? 4ನೇ ತರಗತಿಗೆ ಬಂದರೂ ಒತ್ತಕ್ಷರದಲ್ಲಿ ನಿಲ್ಲುತ್ತಾರೆ. ಅವರನ್ನು ಸಮಾಜದ ಪಾಠದಿಂದ ಎಬ್ಬಿಸಿ ಬೇರೆ ಕೂರಿಸಿ ಓದಿಸಬೇಕು ಎಂದು ಕೆಲವರ ಅಭಿಪ್ರಾಯ.

ಉತ್ತರ:
ಅಕ್ಷರದ ಅಭ್ಯಾಸ ಅವರಿಗೆ ದಿನವೂ ಬೇಕು, ಅದರಲ್ಲಿ ರಾಜಿ ಇಲ್ಲ. ಆದರೆ ಸಮಾಜದ ಪಾಠ ತಪ್ಪಿಸಿ ಬೇಡ. ಓದಿನ ಗ್ರಹಿಕೆ ಅಂದರೆ ಪದ ಬಿಡಿಸುವ, ಅಂದರೆ ಅಕ್ಷರ ಕೂಡಿಸಿ ಪದ ಓದುವ ಶಕ್ತಿ ಮತ್ತು ಭಾಷೆಯ ತಿಳಿವಳಿಕೆ ಇವೆರಡರ ಗುಣಲಬ್ಧ ಎಂದು ಸಂಶೋಧಕರಾದ ಗಫ್ ಮತ್ತು ಟನ್ಮರ್ 1986ರಲ್ಲಿ ಮುಂದಿಟ್ಟರು. ಗುಣಾಕಾರವಾದ್ದರಿಂದ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಪದ ಬಿಡಿಸುವುದನ್ನು ಕಲಿಸುವ ಭರದಲ್ಲಿ, ಭಾಷೆಯ ತಿಳಿವಳಿಕೆಗೆ ಆಧಾರವಾದ ಲೋಕಜ್ಞಾನ ನಿಲ್ಲಿಸಿದರೆ ಮುಂದೆ ಅದೇ ಮಗು ಸರಾಗವಾಗಿ ಓದಿಯೂ ಏನೂ ತಿಳಿಯದೆ ಕೂರುತ್ತದೆ.

ವಿಷಯ ಗೊತ್ತಿರುವುದಕ್ಕೆ ಎಷ್ಟು ಬಲವಿದೆ ಎಂಬುದನ್ನು 1988ರಲ್ಲಿ ರೆಕ್ಟ್ ಮತ್ತು ಲೆಸ್ಲಿ ಎಂಬ ಸಂಶೋಧಕರು ತೋರಿಸಿದರು. ಮಕ್ಕಳಿಗೆ ಬೇಸ್‌ಬಾಲ್ ಆಟದ ವಿವರಣೆ ಓದಲು ಕೊಟ್ಟಾಗ, ಓದಿನಲ್ಲಿ ಹಿಂದಿದ್ದರೂ ಆಟ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ತಿಳಿಯದವರಿಗಿಂತ ಚೆನ್ನಾಗಿ ನೆನಪಿಟ್ಟು ಹೇಳಿದರು. ಹಾಗಾಗಿ ಆ ಮಗುವಿಗೆ ಪಾಠವನ್ನು ನೀವು ಓದಿ ಹೇಳಿ, ಭೂಪಟದ ಸೂಚಿಯಲ್ಲಿನ ಗುರುತುಗಳ ಅರ್ಥ ಹೇಳಲು ಹಚ್ಚಿ, ಚರ್ಚೆಯಲ್ಲಿ ಮೊದಲ ಮಾತು ಅದರದಾಗಲಿ.

ಮರುಪ್ರಶ್ನೆ (ಅದೇ ಶಿಕ್ಷಕಿ):
ಕೊನೆಯದಾಗಿ ಒಂದು ಸರ್. ವಿಜ್ಞಾನದ ನೋಟ್‌ಬುಕ್ಕಿನಲ್ಲಿ ಕಾಗುಣಿತದ ತಪ್ಪು ತಿದ್ದಬೇಕೇ?

ಉತ್ತರ:
ಮೊದಲು ವಿಚಾರ ಸರಿಯಿದೆಯೇ ನೋಡಿ, ಅದಕ್ಕೆ ಒಂದು ಮಾತು ಬರೆಯಿರಿ. 'ಆವೀಕರಣ', 'ಸಾಂದ್ರೀಕರಣ'ದಂಥ ಪಾಠದ ಪದಗಳನ್ನು ತಪ್ಪದೆ ತಿದ್ದಿ, ಅವು ನಿಮ್ಮ ವಿಷಯದ ಸೊತ್ತು. ಉಳಿದದ್ದರಲ್ಲಿ ಪದೇಪದೇ ಬರುವ ಒಂದು ತಪ್ಪನ್ನು ಗುರುತಿಸಿ ಭಾಷಾ ಶಿಕ್ಷಕರಿಗೆ ತಿಳಿಸಿ. ಪುಟವೆಲ್ಲ ಕೆಂಪಾದರೆ, ಮರುದಿನ ಮಗು ತನಗೆ ಬರೆಯಲು ಬರುವ ಪದಗಳಷ್ಟನ್ನೇ ಬಳಸಿ ಎರಡು ಸಾಲಿಗೆ ನಿಲ್ಲಿಸುತ್ತದೆ.