ಆಟೋಕ್ಯಾಡ್: ಎಲಿವೇಟರ್ ಬ್ಲಾಕ್ ವಿಪರೀತ ದೊಡ್ಡದಾಗಿ ಬರುತ್ತಿದೆ, ಲೇಯರ್ ಆಫ್ ಮಾಡಿದರೂ ಹೋಗುತ್ತಿಲ್ಲ

ಪ್ರಶ್ನೆ (ಗಂಗಾವತಿಯಿಂದ):
ನಮಸ್ಕಾರ. ಗಂಗಾವತಿ, ಕಾರಟಗಿ ಕಡೆಯ ರೈಸ್ ಮಿಲ್‌ಗಳಿಗೆ ಆಟೋಕ್ಯಾಡ್ ಎಂಬ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ಮಷಿನ್ ಲೇಔಟ್ ಬರೆದುಕೊಡುತ್ತೇನೆ. ಭತ್ತವನ್ನು ಬಕೆಟ್‌ಗಳಲ್ಲಿ ಮೇಲೆತ್ತುವ ಬಕೆಟ್ ಎಲಿವೇಟರ್ ಇಲ್ಲದ ಮಿಲ್ಲೇ ಇಲ್ಲ ಅಲ್ವಾ. ಅದರ ಚಿತ್ರವನ್ನು ಬೇರೆ ಫೈಲ್ ಮಾಡಿಟ್ಟು, ಪ್ರತಿ ಲೇಔಟ್‌ನಲ್ಲೂ ಬ್ಲಾಕ್ ಆಗಿ, ಅಂದರೆ ಎಲ್ಲ ಗೆರೆ ಸೇರಿ ಒಂದೇ ವಸ್ತುವಾಗಿ, ಇನ್ಸರ್ಟ್ ಮಾಡುತ್ತೇನೆ. 300 ಮಿ.ಮೀ. ಅಗಲದ ಬೂಟ್ (ಎಲಿವೇಟರ್‌ನ ಕೆಳಭಾಗ) 7620 ಆಗಿ ಬರುತ್ತದೆ. ಕರ್ಸರ್ ಒಂದು ಕಡೆ, ಚಿತ್ರ ಇನ್ನೆಲ್ಲೋ ದೂರ. ಬ್ಲಾಕ್ ಇಟ್ಟ ಲೇಯರ್ (ಚಿತ್ರದ ಪದರ) ಆಫ್ ಮಾಡಿದರೂ ಎಲಿವೇಟರ್ ಹಾಗೇ ಕಾಣುತ್ತದೆ. ಎಕ್ಸ್‌ಪ್ಲೋಡ್ ಮಾಡಿ ಸ್ಕೇಲ್ ಮಾಡಿಬಿಡಲಾ?

ಉತ್ತರ (ಬಳ್ಳಾರಿಯಿಂದ):
ಎಕ್ಸ್‌ಪ್ಲೋಡ್ ಮಾತ್ರ ಬೇಡ ಸರ್. ಒಡೆದ ಮೇಲೆ ಅದು ಬರೀ ಗೆರೆಗಳು. ಅಳತೆ ಬದಲಾದರೆ ಒಂದೊಂದನ್ನೇ ತಿದ್ದುತ್ತಾ ಕೂರಬೇಕಾಗುತ್ತದೆ.

7620 ಅಂದರೆ 300ರ 25.4 ಪಟ್ಟು. ನೀವು ಮಿ.ಮೀ.ನಲ್ಲೇ ಬರೆದಿದ್ದೀರಿ, ಆದರೆ ಆ ಫೈಲಿನ ಯೂನಿಟ್ ಇಂಚು ಅಂತ ಉಳಿದಿದೆ. ಎಲಿವೇಟರ್ ಫೈಲ್ ತೆರೆದು ಇನ್ಸ್‌ಯೂನಿಟ್ಸ್ ಟೈಪ್ ಮಾಡಿ. 1 ಇದ್ದರೆ 4 ಕೊಡಿ. 1 ಇಂಚು, 4 ಮಿ.ಮೀ. ಲೇಔಟ್ ಫೈಲಿನಲ್ಲೂ 4 ಇರಲಿ.

ಇಡೀ ಫೈಲನ್ನು ಇನ್ಸರ್ಟ್ ಮಾಡಿದಾಗ ಹಿಡಿಕೆ ಬಿಂದು, ಅಂದರೆ ಕರ್ಸರ್ ಹಿಡಿಯುವ ಜಾಗ, 0,0. ನಿಮ್ಮ ಚಿತ್ರ ಅಲ್ಲಿಂದ ದೂರ ಇದೆ, ಅಷ್ಟೇ. ಬೇಸ್ ಕಮಾಂಡ್ ಕೊಟ್ಟು ಬೂಟ್‌ನ ಮೂಲೆ ತೋರಿಸಿ. ಫೌಂಡೇಶನ್‌ಗೆ ಕೂರಿಸಲು ಮೂಲೆಯೇ ಅನುಕೂಲ.

ಲೇಯರ್ ವಿಷಯವನ್ನು ಸರಿಯಾಗಿ ತಿಳಿದುಕೊಂಡರೆ ಮುಂದೆ ಎಷ್ಟೋ ತಲೆನೋವು ತಪ್ಪುತ್ತದೆ. ಬ್ಲಾಕ್ ಒಳಗಿನ ಗೆರೆಗಳು 0 ಲೇಯರಿನಲ್ಲಿದ್ದು, ಬಣ್ಣ ಬೈಲೇಯರ್ (ಲೇಯರಿನದೇ ಬಣ್ಣ) ಇದ್ದರೆ, ಬ್ಲಾಕ್ ಇಟ್ಟ ಲೇಯರಿನ ಬಣ್ಣವನ್ನೇ ತೆಗೆದುಕೊಳ್ಳುತ್ತವೆ. ಆಫ್ ಮಾಡಿದರೆ ಜೊತೆಗೇ ಹೋಗುತ್ತವೆ. ಬೇರೆ ಲೇಯರಿನಲ್ಲಿದ್ದರೆ ಆಫ್‌ಗೆ ಬಗ್ಗುವುದಿಲ್ಲ. ಫ್ರೀಜ್ ಮಾಡಿದರೆ ಮಾತ್ರ ಪೂರ್ತಿ ಬ್ಲಾಕ್ ಮಾಯ. ಹಾಗಾಗಿ ಎಲ್ಲವನ್ನೂ 0 ಲೇಯರಿಗೆ ತನ್ನಿ.

ಸೇವ್ ಮಾಡಿ, ಲೇಔಟ್‌ನಲ್ಲಿರುವ ಹಳೆಯ ಎಲಿವೇಟರ್‌ಗಳನ್ನು ಅಳಿಸಿ, ಪರ್ಜ್ ಕೊಡಿ. ಇಲ್ಲದಿದ್ದರೆ ಹಳೆಯ ಬ್ಲಾಕ್ ಒಳಗೇ ಕೂತಿರುತ್ತದೆ. ಆಮೇಲೆ ಹೊಸದಾಗಿ ಇನ್ಸರ್ಟ್ ಮಾಡಿ.

ಗಂಗಾವತಿಯಿಂದ:
ತುಂಬಾ ಥ್ಯಾಂಕ್ಸ್ ಸರ್. ಅಳತೆ ಸರಿಯಾಯಿತು, ಜಾಗವೂ ಸರಿಯಾಯಿತು. ಎರಡು ಗೆರೆ ಮಾತ್ರ ಇನ್ನೂ ಕೆಂಪಗೇ ಇವೆ. ಇನ್ನೊಂದು, ಸೈಡ್ ವ್ಯೂನಲ್ಲಿ ಎಲಿವೇಟರ್ ಎತ್ತರ ಪ್ರತಿ ಮಿಲ್‌ನಲ್ಲೂ ಬೇರೆ. ಒಂದೊಂದಕ್ಕೂ ಒಂದು ಬ್ಲಾಕ್ ಮಾಡಬೇಕಾ?

ಬಳ್ಳಾರಿಯಿಂದ:
ಆ ಗೆರೆಗಳಿಗೆ ನೇರವಾಗಿ ಕೆಂಪು ಬಣ್ಣ ಕೊಡಲಾಗಿದೆ. ಸೆಟ್‌ಬೈಲೇಯರ್ ಕಮಾಂಡ್ ಕೊಟ್ಟು ಬ್ಲಾಕ್ ಆರಿಸಿ. ಬ್ಲಾಕ್‌ಗಳನ್ನೂ ಸೇರಿಸಬೇಕಾ ಅಂತ ಕೇಳುತ್ತದೆ, ಯೆಸ್ ಅನ್ನಿ. ಮೂಲ ಫೈಲಿನಲ್ಲೂ ತಿದ್ದಿಬಿಡಿ.

ಎತ್ತರಕ್ಕೆ ಒಂದೇ ಡೈನಾಮಿಕ್ ಬ್ಲಾಕ್ (ಇಟ್ಟ ಮೇಲೂ ಅಳತೆ ಬದಲಿಸಬಹುದಾದ ಬ್ಲಾಕ್) ಸಾಕು. ಬ್ಲಾಕ್ ಎಡಿಟರ್ ತೆರೆದು, ಬೂಟ್‌ನಿಂದ ಹೆಡ್‌ವರೆಗೆ (ಎಲಿವೇಟರ್‌ನ ಮೇಲ್ಭಾಗದವರೆಗೆ) ಲೀನಿಯರ್ ಪ್ಯಾರಾಮೀಟರ್ ಹಾಕಿ, ಅದಕ್ಕೆ ಸ್ಟ್ರೆಚ್ ಆಕ್ಷನ್ ಕೊಡಿ. ಸ್ಟ್ರೆಚ್ ಚೌಕಟ್ಟು ಹೆಡ್ ಪೂರ್ತಿ ಒಳಗಿರುವಂತೆ, ಕಾಲುಗಳ (ಬೂಟ್ ಮತ್ತು ಹೆಡ್ ನಡುವಿನ ಉದ್ದ ಭಾಗ) ಗೆರೆಗಳನ್ನು ಮಧ್ಯೆ ಕತ್ತರಿಸುವಂತೆ ಇರಲಿ. ಆಗ ಹೆಡ್‌ನ ಆಕಾರ ಕೆಡದೆ ಮೇಲೆ ಸರಿಯುತ್ತದೆ, ಕಾಲು ಮಾತ್ರ ಉದ್ದವಾಗುತ್ತದೆ. ಮೋಟಾರ್ ಎಚ್‌ಪಿಯನ್ನೂ ಆಟ್ರಿಬ್ಯೂಟ್ (ಬ್ಲಾಕ್ ಜೊತೆಗಿರುವ ಬರಹ) ಆಗಿ ಸೇರಿಸಿಬಿಡಿ. ಸೇರಿಸಿದ ಮೇಲೆ ಆಟ್‌ಸಿಂಕ್ ಕೊಡಬೇಕು, ಇಲ್ಲದಿದ್ದರೆ ಈಗಾಗಲೇ ಇಟ್ಟಿರುವ ಬ್ಲಾಕ್‌ಗಳಲ್ಲಿ ಅದು ಕಾಣುವುದಿಲ್ಲ.